ತರಬೇತಿಯಲ್ಲಿ ಹೇಳಿಕೊಟ್ಟದ್ದರಲ್ಲಿ ತರಗತಿಯಲ್ಲಿ ನಿಜಕ್ಕೂ ಕೆಲಸ ಮಾಡುವುದು ಯಾವುದು?

ಹೇಮಾವತಿ ತೀರದ ಟೀಚರ್
ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಾಲ್ಕು ಮತ್ತು ಐದನೇ ತರಗತಿ ಎರಡೂ ನನಗೇ. ಹಿಂದಿನ ತರಗತಿಯದು ಎಷ್ಟು ಬಂದಿದೆ ಅಂತ ವರ್ಷದ ಶುರುವಿನಲ್ಲಿ ನೋಡುವ ಸೇತುಬಂಧದ ಪೂರ್ವ ಪರೀಕ್ಷೆ ಈಗ ಮುಗಿಯಿತು. ಐದನೇ ತರಗತಿಯಲ್ಲಿ ಕೆಲವರು ಪುಸ್ತಕವನ್ನು ಸರಾಗವಾಗಿ ಓದುತ್ತಾರೆ. ಕೆಲವರು ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಾರೆ. ಇನ್ನು ಕೆಲವರಿಗೆ ಕಾಗುಣಿತವೇ ಗಟ್ಟಿಯಾಗಿಲ್ಲ. ಆದರೆ ಎಲ್ಲರಿಗೂ ಅದೇ ಪಾಠ, ಅದೇ ಪುಟ.

ತರಬೇತಿಗೆ ಹೋದಾಗ ಸಂಶೋಧನೆ ಹೀಗೆ ಹೇಳುತ್ತದೆ, ಹಾಗೆ ಹೇಳುತ್ತದೆ ಎಂದು ಪಿಪಿಟಿ ತೋರಿಸುತ್ತಾರೆ. ಸಂಜೆ ಸಹಿ ಹಾಕಿ ಬಸ್ ಹತ್ತುತ್ತೇವೆ. ಮರುದಿನ ತರಗತಿಗೆ ಹೋದರೆ ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ. ಸಂಶೋಧನೆ ಬಗ್ಗೆ ನನಗೆ ತಕರಾರಿಲ್ಲ, ನಿಜವಾಗಿಯೂ ಬೇಕು. ಆದರೆ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ನೀವು ಮಾಡಿ ನೋಡಿ ಮಕ್ಕಳಲ್ಲಿ ವ್ಯತ್ಯಾಸ ಕಂಡದ್ದಿದ್ದರೆ ದಯವಿಟ್ಟು ಬರೆಯಿರಿ. ಮಕ್ಕಳ ತಂದೆತಾಯಿಯರೂ ಬರೆಯಬಹುದು.

ಕಡೂರು ಬಯಲು
ಮೇಡಂ, ನಿಮ್ಮ ಸಮಸ್ಯೆಗೆ ಬಲವಾದ ಪುರಾವೆ ಇರುವ ದಾರಿ ಒಂದಿದೆ. ದಿನದಲ್ಲಿ ಒಂದು ಗಂಟೆ ತರಗತಿ ಯಾವುದು ಅಂತ ನೋಡಬೇಡಿ, ಮಗು ಎಲ್ಲಿದೆ ಅಂತ ನೋಡಿ ಗುಂಪು ಮಾಡಿ. ಅಕ್ಷರ ಗುರುತಿಸುವವರು ಒಂದು ಕಡೆ, ಪದ ಓದುವವರು ಒಂದು ಕಡೆ, ಸಣ್ಣ ಪ್ಯಾರಾ ಓದುವವರು ಒಂದು ಕಡೆ, ಕಥೆ ಓದುವವರು ಇನ್ನೊಂದು ಕಡೆ. ಮಗು ಮುಂದೆ ಹೋದ ಹಾಗೆ ಗುಂಪು ಬದಲಿಸಿ.

ಪ್ರಥಮ್ ಸಂಸ್ಥೆಯವರು ಈ ಕೆಲಸ ಮಾಡಿದರು. ಮುಂಬೈ ಮತ್ತು ವಡೋದರಾದಲ್ಲಿ ಮೂರು, ನಾಲ್ಕನೇ ತರಗತಿಯ ಹಿಂದುಳಿದ ಮಕ್ಕಳನ್ನು ಅದೇ ಬಡಾವಣೆಯ ಹೆಣ್ಣುಮಕ್ಕಳು ದಿನಕ್ಕೆ ಸುಮಾರು ಎರಡು ಗಂಟೆ ಬೇರೆ ಕೂರಿಸಿ ಕಲಿಸುತ್ತಿದ್ದರು. ಅವರನ್ನು ಬಾಲಸಖಿ ಎನ್ನುತ್ತಿದ್ದರು. ಫಲ ಸಿಕ್ಕಿತೋ ಇಲ್ಲವೋ ಎಂದು ಅಳೆದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಇದ್ದರು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ, ಅವರೇ. ಸುಮ್ನೆ ಹೇಳಿದ ಮಾತಲ್ಲ ಇದು, ಸಹಾಯ ಸಿಕ್ಕ ಶಾಲೆ, ಸಿಗದ ಶಾಲೆ ಎರಡನ್ನೂ ಹೋಲಿಸಿ ನೋಡಿದ್ದಾರೆ.

ಅರಸೀಕೆರೆ ಮೇಷ್ಟ್ರು (ನಿವೃತ್ತ)
ಇದನ್ನು ನಮ್ಮವರು ಮುಂಬೈಗಿಂತ ಮೊದಲೇ ಮಾಡಿದ್ದರು. ಚಿಕ್ಕ ತರಗತಿಯ ಮಕ್ಕಳು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುವ ನಲಿಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಶಿಕ್ಷಕರೇ ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು ಕಾರ್ಡು ಬರೆದರು. ಯುನಿಸೆಫ್ ನೆರವು ಕೊಟ್ಟಿತು. ಕಲಿಕಾ ಏಣಿ, ಮೈಲಿಗಲ್ಲು, ಗುಂಪು ತೋರಿಸುವ ತಟ್ಟೆಗಳು ಎಲ್ಲವೂ ಇದಕ್ಕೇ, ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಹತ್ತಲಿ ಅಂತ. 2009-10ರಿಂದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ಈ ಮೇಡಂ ತರಗತಿಯಲ್ಲಿ ಕಾಣುತ್ತಿರುವ ಕಷ್ಟ ನಾಲ್ಕನೇ ತರಗತಿಯಲ್ಲಿ ಶುರುವಾಗುತ್ತದೆ. ಮೂರರವರೆಗೆ ಏಣಿ ಇದೆ. ಏಣಿಯ ಅರ್ಧದಲ್ಲಿದ್ದ ಮಗುವಿಗೂ ನಾಲ್ಕಕ್ಕೆ ಬಂದ ಕೂಡಲೇ ಪಠ್ಯಪುಸ್ತಕ ಕೊಡುತ್ತೇವೆ. ಆ ಮಗು ಎಲ್ಲಿ ನಿಂತಿತ್ತು ಅಂತ ಯಾರೂ ಕೇಳುವುದಿಲ್ಲ.

ಬೇಲೂರಿನ ತಾಯಿ
ನಲಿಕಲಿ ಬಗ್ಗೆ ಒಂದು ಮಾತು. ನನ್ನ ಮಗಳು ಒಂದನೇ ತರಗತಿ ಅರ್ಧ ವರ್ಷ ಮುಗಿಸಿದರೂ ಅ ಆ ಇ ಈ ಸಾಲಾಗಿ ಹೇಳುತ್ತಿರಲಿಲ್ಲ. ನಮ್ಮ ಅತ್ತೆಗೆ ಸಿಕ್ಕಾಪಟ್ಟೆ ಕೋಪ. ಪಕ್ಕದ ಮನೆಯ ಖಾಸಗಿ ಶಾಲೆ ಮಗು ಪಟಪಟ ಹೇಳುತ್ತದೆ, ನಮ್ಮದು ರ ಗ ಸ ಅಂತ ಏನೋ ಹೇಳುತ್ತದೆ ಅಂತ ಗಲಾಟೆ. ಇದು ಯಾವ ಸಂಶೋಧನೆ ಸ್ವಾಮಿ?

ನಲಿಕಲಿ ಅಕ್ಕ, ತರೀಕೆರೆ
ಬೇಲೂರಿನ ಅಕ್ಕ, ನಿಮ್ಮ ಅತ್ತೆಯವರಿಗೆ ಇದನ್ನು ತೋರಿಸಿ. ನಲಿಕಲಿಯ ಮೊದಲ ಗುಂಪು ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಮಗು ಸರ, ಅರಸ, ಅಗಸ, ದಸರ, ಗರಗಸ ಓದುತ್ತದೆ. ಗುಣಿತ ಬೇಡ, ಒತ್ತು ಬೇಡ. ಶಾಲೆಗೆ ಸೇರಿದ ಕೆಲವೇ ವಾರದಲ್ಲಿ ಓದಿದ ಪದಕ್ಕೆ ಅರ್ಥವೂ ಸಿಗುತ್ತದೆ. ಅ ಆ ಇ ಈ ಉ ಊ ಋ ಅಂತ ಹೋದರೆ ಅಷ್ಟೂ ಕಲಿತ ಮೇಲೂ ಎಷ್ಟು ಪದ ಓದಲು ಬರುತ್ತದೆ, ನೀವೇ ಬರೆದು ನೋಡಿ. ವರ್ಣಮಾಲೆ ಸಾಲು ಆಮೇಲೆ ಹೇಗೂ ಬರುತ್ತದೆ.

ಇನ್ನೊಂದು ವಿಷಯ. ಕನ್ನಡ ಓದಲು ಕಲಿಯುವುದು ನಿಧಾನದ ಕೆಲಸ. ಸೋನಾಲಿ ನಾಗ್ ಅವರು ಕನ್ನಡ ಮಕ್ಕಳನ್ನೇ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಇಂಗ್ಲಿಷಿನಲ್ಲಿ 26 ಅಕ್ಷರ. ನಮ್ಮಲ್ಲಿ ವ್ಯಂಜನ, ಗುಣಿತ, ಒತ್ತು ಸೇರಿ ನೂರಾರು ರೂಪ. ಅಷ್ಟೂ ಗಟ್ಟಿಯಾಗಲು ಮಕ್ಕಳಿಗೆ ನಾಲ್ಕನೇ ತರಗತಿವರೆಗೂ ಸಮಯ ಹಿಡಿಯುತ್ತದೆ. ಹಾಗಾಗಿ ಟೀಚರ್, ನಿಮ್ಮ ಐದನೇ ತರಗತಿಯವರು ಒತ್ತಕ್ಷರದಲ್ಲಿ ನಿಂತರೆ ದಡ್ಡರು ಅಂತ ಅಲ್ಲ. ಅವರಿಗೆ ಆ ರೂಪಗಳ ಅಭ್ಯಾಸ ಸಾಲದು. ಅವರೇ ಆಡುವ ಮಾತಿನ ಪದ ತಗೊಳ್ಳಿ: ಅಮ್ಮ, ಅಜ್ಜಿ, ಹಳ್ಳ, ಬೆಟ್ಟ, ಎಮ್ಮೆ. ಮೊದಲು ಸಜಾತಿ ಒತ್ತು, ಅಂದರೆ ಅಕ್ಷರಕ್ಕೆ ಅದರದೇ ಒತ್ತು, ಗಟ್ಟಿಯಾಗಲಿ, ಆಮೇಲೆ ಪುಸ್ತಕ, ಅಕ್ಷರ, ರಾತ್ರಿ ಅಂಥವು.

ಬೇಲೂರಿನ ತಾಯಿ
ಇದನ್ನು ಶಾಲೆಯಲ್ಲಿ ಯಾರಾದರೂ ಒಂದು ಸಲ ಕೂರಿಸಿ ಹೇಳಿದ್ದರೆ ನಮ್ಮ ಮನೆಯಲ್ಲಿ ಅಷ್ಟು ಜಗಳ ಆಗುತ್ತಿರಲಿಲ್ಲ. ಪೋಷಕರ ಸಭೆಯಲ್ಲಿ ಶೌಚಾಲಯ, ಸಮವಸ್ತ್ರ ಬಿಟ್ಟು ಇದನ್ನೂ ಮಾತಾಡಿ.

ಬಿ.ಇಡಿ. ವಿದ್ಯಾರ್ಥಿನಿ, ಹಾಸನ
ಮೇಡಂ, ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟ ಪ್ರಕಾರ ಕೆಲವು ಮಕ್ಕಳು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಕೆಲವರು ಮಾಡಿ. ಪ್ರತಿ ಮಗುವಿನ ಕಲಿಕಾ ಶೈಲಿ ಗುರುತಿಸಿ ಅದಕ್ಕೆ ತಕ್ಕಂತೆ ಪಾಠ ಮಾಡಬೇಕು. ಇದನ್ನು ಪ್ರಯತ್ನಿಸಬಹುದು ಅಲ್ವಾ?

ಮೂಡಿಗೆರೆ ಗಣಿತ
ತಂಗಿ, ಕಾಲೇಜಿನಲ್ಲಿ ಹೇಳುತ್ತಾರೆ, ಪರೀಕ್ಷೆಗೂ ಬರುತ್ತದೆ, ಬರೆ. ಆದರೆ ತರಗತಿಗೆ ತರಬೇಡ. ಪ್ಯಾಶ್ಲರ್ ಮತ್ತು ಜೊತೆಗಾರರು 2008ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ನೋಡಿದರು. ಮಗುವಿನ ಶೈಲಿಗೆ ಹೊಂದಿಸಿ ಪಾಠ ಮಾಡಿದರೆ ಜಾಸ್ತಿ ಕಲಿಯುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಮಕ್ಕಳಿಗೆ ಇಷ್ಟ ಅಂತ ಇರುತ್ತದೆ, ಅದು ಬೇರೆ. ಭೂಪಟವನ್ನು ಎಲ್ಲರೂ ನೋಡಿಯೇ ಕಲಿಯಬೇಕು, ಪದ್ಯವನ್ನು ಎಲ್ಲರೂ ಕೇಳಿಯೇ ಕಲಿಯಬೇಕು. ಯಾವ ರೀತಿ ಕಲಿಸಬೇಕು ಅನ್ನುವುದನ್ನು ವಿಷಯ ತೀರ್ಮಾನಿಸುತ್ತದೆ.

ಬಿ.ಇಡಿ. ವಿದ್ಯಾರ್ಥಿನಿ, ಹಾಸನ
ಹಾಗಾದರೆ ಒಂದು ಮಗುವಿಗೆ ಏನು ಗೊತ್ತಿಲ್ಲ ಅಂತ ಹೇಗೆ ತಿಳಿಯುವುದು ಸರ್? ನನ್ನ ಪಾಠಾಭ್ಯಾಸದಲ್ಲಿ "ಅರ್ಥ ಆಯ್ತಾ?" ಅಂತ ಕೇಳಿದರೆ ಇಡೀ ತರಗತಿ "ಆಯ್ತು ಮಿಸ್" ಅನ್ನುತ್ತದೆ.

ಮೂಡಿಗೆರೆ ಗಣಿತ
ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ.

"ಅರ್ಥ ಆಯ್ತಾ" ಕೇಳಲೇಬೇಡ. ಸ್ಲೇಟು ತೆಗೆಸು. ಬೋರ್ಡಿನ ಮೇಲೆ ಒಂದೇ ಲೆಕ್ಕ: 52 - 28. ಯಾರೂ ಮಾತಾಡಬಾರದು. ಬರೆದು ಸ್ಲೇಟು ಮಡಿಲಲ್ಲಿ ಬೋರಲು ಇಟ್ಟುಕೊಳ್ಳಬೇಕು. ನೀನು ಹೇಳಿದಾಗ ಎಲ್ಲರೂ ಒಟ್ಟಿಗೆ ಎತ್ತಿ ಹಿಡಿಯಬೇಕು. ನಿಂತಲ್ಲಿಂದಲೇ ಇಡೀ ತರಗತಿ ಕಾಣುತ್ತದೆ.

ಕೆಲವು ಸ್ಲೇಟಿನಲ್ಲಿ 24 ಇರುತ್ತದೆ. ಕೆಲವರು 36 ಬರೆದಿರುತ್ತಾರೆ. ಈ 36ನ್ನು ಬಿಡಬೇಡ. ಅದು ಅಜಾಗರೂಕತೆಯಲ್ಲ. ಎಂಟರಲ್ಲಿ ಎರಡು ಹೋದರೆ ಆರು, ಐದರಲ್ಲಿ ಎರಡು ಹೋದರೆ ಮೂರು. ಅಂದರೆ ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅಂತ ಮಗು ತನ್ನದೇ ಒಂದು ನಿಯಮ ಮಾಡಿಕೊಂಡಿದೆ. ಮಗುವಿಗೆ ಯಾರೋ "ಚಿಕ್ಕದರಿಂದ ದೊಡ್ಡದನ್ನು ಕಳೆಯಲು ಆಗಲ್ಲ" ಅಂತ ಹೇಳಿರುತ್ತಾರೆ, ಅದನ್ನೇ ನಂಬಿ ಪಾಲಿಸುತ್ತಿದೆ. ಇನ್ನೂ ಇಪ್ಪತ್ತು ಲೆಕ್ಕ ಹೋಂವರ್ಕ್ ಕೊಟ್ಟರೆ ಇಪ್ಪತ್ತನ್ನೂ ಅದೇ ತಪ್ಪು ನಿಯಮದಲ್ಲಿ ಮಾಡಿ ಅದನ್ನೇ ಗಟ್ಟಿ ಮಾಡಿಕೊಳ್ಳುತ್ತದೆ.

ಕಡ್ಡಿ ಕೊಡು. ಹತ್ತು ಹತ್ತರ ಐದು ಕಟ್ಟು, ಎರಡು ಬಿಡಿ. "ಇದರಿಂದ ಇಪ್ಪತ್ತೆಂಟು ನನಗೆ ಕೊಡು" ಅನ್ನು. ಎಂಟು ಬಿಡಿ ಕಡ್ಡಿ ಇಲ್ಲ. ಮಗು ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ತಾನಾಗಿಯೇ ಒಂದು ಕಟ್ಟಿನ ರಬ್ಬರ್ ಬಿಚ್ಚುತ್ತದೆ. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಕೊಟ್ಟ ಮೇಲೆ ಉಳಿದದ್ದನ್ನು ಎಣಿಸಲಿ. ಆಮೇಲೆ ಅದನ್ನೇ ಸ್ಲೇಟಿನಲ್ಲಿ ಬರೆಯಲಿ. ಕೊನೆಗೆ ಮೊದಲು ಬರೆದ 36ಕ್ಕೆ 28 ಕೂಡಿಸಿ ನೋಡು ಅನ್ನು. 64 ಬರುತ್ತದೆ, 52 ಅಲ್ಲ. ಯಾಕೆ ತಪ್ಪು ಅಂತ ನೀನು ಹೇಳುವ ಅಗತ್ಯವೇ ಇಲ್ಲ.

ಆರನೇ ತರಗತಿಗೆ ಹೋದರೆ 0.5 ದೊಡ್ಡದೋ 0.125 ದೊಡ್ಡದೋ ಅಂತ ಕೇಳು. 125 ಅನ್ನುವುದು 5ಕ್ಕಿಂತ ದೊಡ್ಡದು ಅಂತ ಎಷ್ಟು ಸ್ಲೇಟು ಏಳುತ್ತವೆ ನೋಡು.

ಹೇಮಾವತಿ ತೀರದ ಟೀಚರ್
ಸರ್, ಇದನ್ನು ಓದಿ ಇವತ್ತೇ 43 - 17 ಕೊಟ್ಟು ಸ್ಲೇಟು ಎತ್ತಿಸಿದೆ. 34 ಅಂತ ಬರೆದವರು ನಾನು ಊಹಿಸಿದ ಮಕ್ಕಳಲ್ಲ! ಯಾವಾಗಲೂ ಕೈ ಎತ್ತುವ ಹುಡುಗಿಯೂ ಅದನ್ನೇ ಬರೆದಿದ್ದಳು. ಕೈ ಎತ್ತುವವರನ್ನು ಮಾತ್ರ ಕೇಳಿದರೆ ಇದು ಗೊತ್ತೇ ಆಗುವುದಿಲ್ಲ.

ಕೊಪ್ಪದ ಹುಡುಗ
ನಾನು ಹಿಂದಿನ ಬೆಂಚಿನವನು. ಮೇಷ್ಟ್ರು ಪ್ರಶ್ನೆ ಕೇಳಿ ಉಸಿರು ಬಿಡುವುದರೊಳಗೆ ಮುಂದಿನ ಬೆಂಚಿನವರು ಉತ್ತರ ಹೇಳಿಬಿಡುತ್ತಿದ್ದರು ಮಾರಾಯ್ರೆ. ನಮಗೆ ಯೋಚಿಸಲು ಸಮಯವೇ ಇರಲಿಲ್ಲ.

ಮೂಡಿಗೆರೆ ಗಣಿತ
ಇದಕ್ಕೂ ಸಂಶೋಧನೆ ಇದೆ. ಮೇರಿ ಬಡ್ ರೋ ಎಂಬಾಕೆ 1970ರ ದಶಕದಲ್ಲಿ ಅಮೆರಿಕದ ತರಗತಿಗಳ ಮಾತನ್ನು ರೆಕಾರ್ಡ್ ಮಾಡಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರ ಉದ್ದವಾಯಿತು, ಮಾತಾಡದ ಮಕ್ಕಳು ಮಾತಾಡಿದರು, "ಗೊತ್ತಿಲ್ಲ" ಎನ್ನುವುದು ಕಡಿಮೆಯಾಯಿತು. ದುಡ್ಡು ಬೇಡ, ಆದೇಶ ಬೇಡ, ಕಿಟ್ ಬೇಡ.

ಚನ್ನರಾಯಪಟ್ಟಣ ಅಪ್ಪ
ಇಷ್ಟೆಲ್ಲ ಯಾಕೆ? 2019ರ ಎಸ್‌ಎಸ್‌ಎಲ್‌ಸಿಯಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ಆಗ ವಿಶೇಷ ತರಗತಿ, ಸರಣಿ ಪರೀಕ್ಷೆ ಮಾಡಿಯೇ ಬಂದದ್ದು. ಓದಿಸಬೇಕು, ಬರೆಸಬೇಕು, ಬಾಯಿಪಾಠ ಮಾಡಿಸಬೇಕು. ನಮ್ಮ ಕಾಲದಲ್ಲಿ ಇಪ್ಪತ್ತರ ಮಗ್ಗಿ ನಿದ್ದೆಯಲ್ಲೂ ಹೇಳುತ್ತಿದ್ದೆವು.

ಕಡೂರು ಬಯಲು
ಅಣ್ಣ, ಆ ವರ್ಷ ಹಾಸನಕ್ಕೆ ಬಂದದ್ದು ಶೇ. 89.33 ಫಲಿತಾಂಶ, ನಮಗೂ ಹೆಮ್ಮೆಯೇ. ಆದರೆ ಹತ್ತನೇ ತರಗತಿಯ ಕೊನೆ ತಿಂಗಳುಗಳಲ್ಲಿ ಹಾಕುವ ಶ್ರಮ ನಾಲ್ಕನೇ ತರಗತಿಯಲ್ಲಿ ಹಾಕಿದ್ದರೆ ಎಷ್ಟು ಮಕ್ಕಳು ಒಂಬತ್ತಕ್ಕೇ ಬಿಟ್ಟುಹೋಗುವುದು ತಪ್ಪುತ್ತಿತ್ತು? ಮಗ್ಗಿ ವಿಷಯದಲ್ಲಿ ನಿಮ್ಮ ಜೊತೆಗಿದ್ದೇನೆ. ಮಗ್ಗಿ ಬಾಯಿಗೆ ಬಂದರೆ ಭಾಗಾಕಾರ ಮಾಡುವಾಗ ತಲೆ ಭಾಗಾಕಾರದ ಮೇಲೇ ಇರುತ್ತದೆ. ಏಳೆಂಟಲ ಎಷ್ಟು ಅಂತ ಬೆರಳು ಎಣಿಸುತ್ತಾ ಕೂತರೆ ಲೆಕ್ಕ ಎಲ್ಲಿಗೆ ಬಂದಿತ್ತು ಅನ್ನುವುದೇ ಮರೆತುಹೋಗುತ್ತದೆ.

ಶೃಂಗೇರಿ ವಿಜ್ಞಾನ
ಪರೀಕ್ಷೆ ಬಗ್ಗೆ ಚನ್ನರಾಯಪಟ್ಟಣದವರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಮಾಡಿದ ಪ್ರಯೋಗ ನೋಡಿ. ಒಂದು ಗುಂಪು ಒಂದು ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ಮುಚ್ಚಿಟ್ಟು ನೆನಪಾದಷ್ಟು ಬರೆಯಿತು. ಐದು ನಿಮಿಷದ ಮೇಲೆ ಕೇಳಿದಾಗ ಬರೀ ಓದಿದವರು ಮುಂದಿದ್ದರು: ಅವರಿಗೆ ಶೇ. 83, ಇವರಿಗೆ ಶೇ. 71. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ನೆನಪಿದ್ದದ್ದು ಶೇ. 40, ಬರೆದವರಿಗೆ ಶೇ. 61.

ಹಾಗಾಗಿ ನಾನು ಅವಧಿ ಶುರುವಾದಾಗ ಪುಸ್ತಕ ಮುಚ್ಚಿಸುತ್ತೇನೆ. ನಿನ್ನೆಯದು ಒಂದು ಪ್ರಶ್ನೆ, ಹೋದ ವಾರದ್ದು ಒಂದು, ಹೋದ ತಿಂಗಳದ್ದು ಒಂದು. ಅಂಕ ಇಲ್ಲ. ಬರೆದ ಮೇಲೆ ಅವರೇ ಪುಸ್ತಕ ತೆರೆದು ತಿದ್ದಿಕೊಳ್ಳುತ್ತಾರೆ. ಶುರುವಿನಲ್ಲಿ ಗೊಣಗುತ್ತಾರೆ, ಬಿಡಬೇಡಿ. ಇದು ಬಾಯಿಪಾಠ ಅಲ್ಲ. "ಎಲೆ ಹಸಿರಾಗಿರುವುದು ಯಾಕೆ" ಅಂತ ನಿಮ್ಮ ಮಾತಿನಲ್ಲೇ ಬರೆಯಿರಿ ಅಂತ ಕೇಳುತ್ತೇನೆ.

ಆಲೂರು ಸಹಶಿಕ್ಷಕಿ
ಅಂಕ ಇಲ್ಲ ಅಂದರೆ ಎಷ್ಟು ನೆಮ್ಮದಿ! ನಮ್ಮ ಎಫ್ಎ, ಅಂದರೆ ವರ್ಷದ ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನ, ಏನಾಗಿದೆ ನೋಡಿ. ಅದರ ಉದ್ದೇಶವೇ ಮಗು ಎಲ್ಲಿ ಎಡವಿದೆ ಅಂತ ತಿಳಿದು ನಾಳೆಯ ಪಾಠ ಬದಲಿಸುವುದು. ಈಗ ಎಫ್ಎ ಅಂದರೆ ಅಂಕ ಹಾಕು, ವಹಿಯಲ್ಲಿ ಬರೆ, ಆನ್‌ಲೈನ್‌ಗೆ ಏರಿಸು. ಏರಿಸಿದ ಮೇಲೆ ಮುಗಿಯಿತು, ಮುಂದಿನ ಪಾಠ.

ರೂತ್ ಬಟ್ಲರ್ 1988ರಲ್ಲಿ ಇಸ್ರೇಲಿನ ಮಕ್ಕಳಲ್ಲಿ ನೋಡಿದ್ದಾರೆ. ಬರೀ ಅಂಕ ಸಿಕ್ಕವರು, ಬರೀ ಟಿಪ್ಪಣಿ ಸಿಕ್ಕವರು, ಎರಡೂ ಸಿಕ್ಕವರು ಅಂತ ಮೂರು ಗುಂಪು. ಟಿಪ್ಪಣಿ ಮಾತ್ರ ಸಿಕ್ಕ ಮಕ್ಕಳು ಸುಧಾರಿಸಿದರು. ಎರಡೂ ಸಿಕ್ಕವರಿಗೆ ಟಿಪ್ಪಣಿಯ ಲಾಭ ಸಿಗಲಿಲ್ಲ. ಅಂಕ ಕಂಡರೆ ಮಗು ಪಕ್ಕದವನ ಅಂಕ ನೋಡುತ್ತದೆ, ಅಷ್ಟೇ.

ಹೊಳೆನರಸೀಪುರ
ನಿಮ್ಮ ಪೈಕಿ ಮಳೆ ರಜೆ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ? ಮಲೆನಾಡಿನಲ್ಲಿ ಜುಲೈ ಪೂರ್ತಿ ರಜೆಯೇ ಜಾಸ್ತಿ.

ಹೇಮಾವತಿ ತೀರದ ಟೀಚರ್
ಮಳೆ ಇದೆ, ಆನೆಯೂ ಇದೆ. ತೋಟದಲ್ಲಿ ಆನೆ ಇದೆ ಅಂತ ಸುದ್ದಿ ಬಂದರೆ ಆ ಕಡೆಯ ಮಕ್ಕಳು ಬರುವುದೇ ಇಲ್ಲ, ಬನ್ನಿ ಅಂತ ಹೇಳಲು ನಮಗೂ ಮನಸ್ಸು ಬರುವುದಿಲ್ಲ. ಶನಿವಾರ ಭರ್ತಿ ಮಾಡುತ್ತೇವೆ.

ಕಾಫಿ ತೋಟ, ಕಳಸ
ನಮ್ಮ ಕಡೆ ಇನ್ನೊಂದು ಸಮಸ್ಯೆ. ತೋಟದ ಲೈನ್ ಮನೆಗಳಿಗೆ ಅಸ್ಸಾಂ ಕಡೆಯವರು ಬರುತ್ತಾರೆ. ಅವರ ಮಕ್ಕಳು ಶಾಲೆಗೆ ಬಂದರೆ ಒಂದು ಪದ ಕನ್ನಡ ಇಲ್ಲ. ಕುಯ್ಲು ಮುಗಿದರೆ ಕೆಲವರು ಹೊರಟೇಹೋಗುತ್ತಾರೆ. ಇವರನ್ನು ಯಾವ ಗುಂಪಿಗೆ ಹಾಕುವುದು?

ನಲಿಕಲಿ ಅಕ್ಕ, ತರೀಕೆರೆ
ಅಕ್ಷರದ ಗುಂಪಿಗೆ ತಕ್ಷಣ ಹಾಕಬೇಡಿ. ಮೊದಲು ಮಾತು. "ಗಿಡ" ಅಂದರೆ ಏನು ಅಂತ ಗೊತ್ತಿಲ್ಲದ ಮಗು ಗಿ, ಡ ಓದಿ ಏನು ಮಾಡಬೇಕು? ಹಾಡು, ಆಟ, ವಸ್ತು ತೋರಿಸಿ ಹೆಸರು ಹೇಳುವುದು, ಇಷ್ಟು ನಡೆಯಲಿ. ಕನ್ನಡ ಮಾತಾಡುವ ಒಬ್ಬ ಗೆಳತಿಯ ಪಕ್ಕ ಕೂರಿಸಿ. ಲೆಕ್ಕದಲ್ಲಿ ಆ ಮಗು ಮುಂದಿರಬಹುದು, ಭಾಷೆ ಬರಲ್ಲ ಅಂತ ಲೆಕ್ಕದಲ್ಲೂ ಕೆಳಗಿನ ಗುಂಪಿಗೆ ಹಾಕಿದರೆ ದೊಡ್ಡ ಅನ್ಯಾಯ.

ಮಾಜಿ ಸಿಆರ್‌ಪಿ, ಹಾಸನ
ಇಷ್ಟು ಹೊತ್ತು ಓದುತ್ತಿದ್ದೆ. ಸುತ್ತಲಿನ ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ನೆರವಾಗಬೇಕಾದ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೆಲಸದಲ್ಲಿ ನಾನಿದ್ದೆ. ಟೀಚರ್ ಕೇಳಿದ ಮೂಲ ಪ್ರಶ್ನೆ ಬೇರೆ: ತರಬೇತಿ ಯಾಕೆ ತರಗತಿಗೆ ಇಳಿಯುವುದಿಲ್ಲ? ಕಡೂರಿನವರು ಹೇಳಿದ ಬ್ಯಾನರ್ಜಿ ತಂಡದ್ದೇ ಮುಂದಿನ ಕಥೆ ಇದೆ, ಅದನ್ನು ಜಾಸ್ತಿ ಜನ ಹೇಳುವುದಿಲ್ಲ. ಸ್ವಯಂಸೇವಕರ ಕೈಯಲ್ಲಿ ಫಲ ಕೊಟ್ಟ ಇದೇ ವಿಧಾನವನ್ನು ಬಿಹಾರ, ಉತ್ತರಾಖಂಡದಲ್ಲಿ ಸರ್ಕಾರಿ ಶಿಕ್ಷಕರಿಗೆ ತರಬೇತಿ, ಸಾಮಗ್ರಿ ಕೊಟ್ಟು ಬಿಟ್ಟಾಗ ಶಾಲೆಯ ದಿನಗಳಲ್ಲಿ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಶಿಕ್ಷಕರು ಸೋಮಾರಿಗಳು ಅಂತ ಅಲ್ಲ. ಪಠ್ಯ ಮುಗಿಸಬೇಕು, ಅದಕ್ಕೆ ಸಮಯವೇ ಇರಲಿಲ್ಲ.

2012-13ರಲ್ಲಿ ಹರಿಯಾಣದಲ್ಲಿ ಬೇರೆ ರೀತಿ ಮಾಡಿದರು. ದಿನಕ್ಕೆ ಒಂದು ಗಂಟೆ ಇದಕ್ಕೇ ಅಂತ ಮೀಸಲಿಟ್ಟರು. ಆ ಗಂಟೆಯಲ್ಲಿ ಮೂರರಿಂದ ಐದನೇ ತರಗತಿ ಮಕ್ಕಳು ಮಟ್ಟಕ್ಕೆ ತಕ್ಕ ಗುಂಪಿಗೆ ಹೋಗಬೇಕು. ಮೇಲ್ವಿಚಾರಕರು ಮೊದಲು ತಾವೇ ಮಕ್ಕಳಿಗೆ ಪಾಠ ಮಾಡಿ ಕಲಿತರು, ಆಮೇಲೆ ಶಾಲೆಗೆ ಹೋಗಿ ಶಿಕ್ಷಕರ ಜೊತೆ ನಿಂತರು. ಹಿಂದಿ ಓದು ಸುಧಾರಿಸಿತು. ಗಣಿತದಲ್ಲಿ ಅಂಥ ಫಲ ಬರಲಿಲ್ಲ, ಅದನ್ನೂ ಹೇಳಬೇಕು.

ವಿಧಾನ ಅದೇ, ಮಕ್ಕಳು ಅಂಥವರೇ, ಶಿಕ್ಷಕರೂ ಅಂಥವರೇ. ಬದಲಾದದ್ದು ಎರಡು: ವೇಳಾಪಟ್ಟಿಯಲ್ಲಿ ಜಾಗ, ಪಕ್ಕದಲ್ಲಿ ಮಾಡಿ ಗೊತ್ತಿರುವ ಒಬ್ಬರು. ಇವೆರಡೂ ಇಲ್ಲದೆ ಎಂಥ ಸಂಶೋಧನೆ ತಂದರೂ ಅದು ಹಾಜರಾತಿ ವಹಿಯಲ್ಲೇ ಉಳಿಯುತ್ತದೆ. ಸಿಆರ್‌ಪಿ ಶಾಲೆಗೆ ಬಂದರೆ ದಾಖಲೆ ನೋಡಲಿ ಅಂತ ಅಲ್ಲ, ಒಂದು ಅವಧಿ ಕೂತು ಪಾಠ ನೋಡಲಿ, ಸಾಧ್ಯವಾದರೆ ತಾನೇ ಪಾಠ ಮಾಡಿ ತೋರಿಸಲಿ.

ಅರಸೀಕೆರೆ ಮೇಷ್ಟ್ರು (ನಿವೃತ್ತ)
ಈ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಸಿಆರ್‌ಪಿಗಳಿಗೂ ಪಾಠ ನೋಡಲು ಪುರುಸೊತ್ತು ಕೊಡಿ. ದಿನಾ ಒಂದು ಮಾಹಿತಿ ಕೇಳಿದರೆ ಅವರೇನು ಮಾಡುತ್ತಾರೆ?

ಆಲೂರು ಸಹಶಿಕ್ಷಕಿ
ಮೊಟ್ಟೆ ಲೆಕ್ಕವೂ ನಾವೇ ಬರೆಯಬೇಕು.

ಚನ್ನರಾಯಪಟ್ಟಣ ಅಪ್ಪ
ಮೊಟ್ಟೆ ಬೇಡ ಅನ್ನಬೇಡಿ ಮೇಡಂ, ನಮ್ಮ ಊರಿನ ಮಕ್ಕಳು ಅದಕ್ಕಾದರೂ ಓಡಿ ಬರುತ್ತಾರೆ.

ಆಲೂರು ಸಹಶಿಕ್ಷಕಿ
ಖಂಡಿತ ಬೇಕು ಸರ್, ಹಸಿದ ಮಗು ಏನು ಕಲಿಯುತ್ತದೆ? ಲೆಕ್ಕ ಬರೆಯಲು ಬೇರೆ ಕೈ ಕೊಡಿ ಅನ್ನುತ್ತೇನೆ.

ಶೃಂಗೇರಿ ವಿಜ್ಞಾನ
ಸಿಆರ್‌ಪಿ ಬರುವವರೆಗೆ ಕಾಯುವುದೂ ಬೇಡ. ಜಪಾನಿನಲ್ಲಿ ಶಿಕ್ಷಕರು ಸೇರಿ ಒಂದೇ ಪಾಠವನ್ನು ಯೋಜಿಸುತ್ತಾರೆ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಹಿಂದೆ ಕೂತು ಶಿಕ್ಷಕರನ್ನಲ್ಲ, ಮಕ್ಕಳನ್ನು ನೋಡುತ್ತಾರೆ. ಆಮೇಲೆ ಮಕ್ಕಳು ಎಲ್ಲಿ ತಡವರಿಸಿದರು ಅಂತ ಮಾತಾಡಿ ಪಾಠ ತಿದ್ದುತ್ತಾರೆ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ನಮ್ಮ ಸಮಾಲೋಚನಾ ಸಭೆಯಲ್ಲಿ ಇದನ್ನೇ ಮಾಡಬಹುದು, ಸಭೆ ಹೇಗೂ ನಡೆಯುತ್ತದೆ.

ಹೇಮಾವತಿ ತೀರದ ಟೀಚರ್
ಎಲ್ಲರಿಗೂ ತುಂಬಾ ಧನ್ಯವಾದ. ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿದೆ. ಬೆಳಗಿನ ಮೊದಲ ಅವಧಿಯನ್ನು ಓದಿನ ಗುಂಪಿಗೆ ಕೊಡಲು ಒಪ್ಪಿದ್ದಾರೆ, ದೀಪಾವಳಿವರೆಗೆ ನೋಡೋಣ ಅಂದಿದ್ದಾರೆ. ಲೆಕ್ಕಕ್ಕೆ ಸ್ಲೇಟು ದಿನಾ ಇರುತ್ತದೆ. ಉಳಿದದ್ದಕ್ಕೆ ಈಗಲೇ ಕೈ ಹಾಕುವುದಿಲ್ಲ. ಆಲೂರಿನ ಮೇಡಂ, ನೀವು ಹತ್ತಿರದಲ್ಲೇ ಇದ್ದೀರಿ. ಒಂದು ದಿನ ಬಂದು ತರಗತಿಯಲ್ಲಿ ಕೂರುತ್ತೀರಾ?

ಆಲೂರು ಸಹಶಿಕ್ಷಕಿ
ಬರುತ್ತೇನೆ. ಶನಿವಾರ ಬೆಳಗಿನ ಶಾಲೆ ಅಲ್ವಾ, ನಮ್ಮ ಶಾಲೆಯಲ್ಲಿ ಅನುಮತಿ ಕೇಳಿ ತಿಳಿಸುತ್ತೇನೆ. ಆಮೇಲೆ ನೀವೂ ನಮ್ಮಲ್ಲಿಗೆ ಬರಬೇಕು. ಓದಿನ ಗುಂಪಿಗೆ ನಾಲ್ಕನೇ ತರಗತಿಯವರನ್ನೂ ಸೇರಿಸುತ್ತೀರಾ? ಐದರವರಿಗೆ ಚಿಕ್ಕವರ ಜೊತೆ ಕೂರಲು ನಾಚಿಕೆ ಆಗುತ್ತದೆ.

ನಲಿಕಲಿ ಅಕ್ಕ, ತರೀಕೆರೆ
ಸೇರಿಸಿ. ಗುಂಪಿಗೆ "ದಡ್ಡರು", "ಜಾಣರು" ಅಂತ ಯಾರೂ ಕರೆಯದ ಹಾಗೆ ನೋಡಿಕೊಳ್ಳಿ, ಹೂವಿನ ಹೆಸರು ಇಡಿ. ಎರಡು ವಾರಕ್ಕೊಮ್ಮೆ ಪ್ರತಿ ಮಗುವನ್ನು ಒಬ್ಬೊಬ್ಬರನ್ನಾಗಿ ಕರೆದು ಓದಿಸಿ, ಮುಂದೆ ಹೋದವರನ್ನು ಆವತ್ತೇ ಗುಂಪು ಬದಲಿಸಿ. ಬದಲಾಗುತ್ತಿದ್ದರೆ ನಾಚಿಕೆ ಉಳಿಯುವುದಿಲ್ಲ.